ಬಾಡಿಗೆ ದೋಣಿಯಲ್ಲಿ ಮೀನು ಹಿಡಿಯಲು ಹೊರಟಿದ್ದೀರಾ? ಮೊದಲು ಗಾಳಿ ನೋಡಿ

ಸರೋವರದ ದಡದಲ್ಲಿ ಒಂದು ದಿನ ಕಳೆಯಲು ಹೊರಡುವವರು ಗಾಳ, ಟೋಪಿ, ಕ್ಯಾಮೆರಾ ಎಲ್ಲವನ್ನೂ ನೆನಪಿಟ್ಟು ಚೀಲಕ್ಕೆ ತುಂಬುತ್ತಾರೆ. ಗಾಳಿಯ ಬಗ್ಗೆ ಯೋಚಿಸುವವರು ಕಡಿಮೆ. ದೋಣಿಯನ್ನು ಎಷ್ಟು ಹೊತ್ತಿಗೆ ನೀರಿಗಿಳಿಸಬೇಕು, ಯಾವ ದಿಕ್ಕಿಗೆ ಹುಟ್ಟು ಹಾಕಬೇಕು, ಯಾವ ದಡದಲ್ಲಿ ಮೀನು ಸಿಕ್ಕೀತು, ಮರಳುವಾಗ ತೋಳಿನಲ್ಲಿ ಶಕ್ತಿ ಉಳಿದಿರುತ್ತದೆಯೇ ಎಂಬುದನ್ನೆಲ್ಲ ಹೆಚ್ಚಿನ ಮಟ್ಟಿಗೆ ನಿರ್ಧರಿಸುವುದು ಗಾಳಿಯೇ. ಮೊದಲ ಸಲ ಹೋಗುವವರಿಗಾಗಿ ಇಡೀ ದಿನದ ಕೆಲಸವನ್ನು ಕ್ರಮವಾಗಿ ಇಲ್ಲಿ ವಿವರಿಸಿದ್ದೇನೆ.

ಹಂತ 1: ಜಾಗದ ವಿಚಾರಣೆ

ಹೋಗಿಬಂದವರ ಅನುಭವ ಕೇಳುವುದು ಒಳ್ಳೆಯದು. ಆದರೆ ‘ಚೆನ್ನಾಗಿದೆ’, ‘ಏನೂ ಸಿಗಲಿಲ್ಲ’ ಎಂಬ ಮಾತುಗಳಿಂದ ಪ್ರಯೋಜನವಿಲ್ಲ. ಅವರು ಯಾವ ತಿಂಗಳಲ್ಲಿ ಹೋಗಿದ್ದರು, ನೀರು ಎಷ್ಟಿತ್ತು, ಗಾಳ ಹಾಕಿದ್ದು ದಡದಿಂದಲೋ ದೋಣಿಯಿಂದಲೋ ಎಂದು ಕೇಳಿ. ನೀರು ತುಂಬಿದ್ದಾಗ ಒಬ್ಬರು ಮೆಚ್ಚಿಕೊಂಡ ದಡ ನೀರಿಳಿದಾಗ ಮೊಣಕಾಲುದ್ದದ ಕೆಸರಾಗಿರಬಹುದು. ಮೀನು ಹಿಡಿಯಲು ಪರವಾನಗಿ ಬೇಕೇ, ಮರಿಮಾಡುವ ಕಾಲದಲ್ಲಿ ನಿಷೇಧವಿದೆಯೇ, ಇಂತಿಷ್ಟು ಉದ್ದಕ್ಕಿಂತ ಚಿಕ್ಕ ಮೀನನ್ನು ಬಿಡಬೇಕೆಂಬ ನಿಯಮವಿದೆಯೇ ಎಂಬುದನ್ನೂ ಮೊದಲೇ ತಿಳಿದುಕೊಳ್ಳಿ. ಕುಡಿಯುವ ನೀರಿನ ಜಲಾಶಯಗಳಲ್ಲಿ ಎಂಜಿನ್ ದೋಣಿಗೆ, ಕೆಲವು ಕಡೆ ಯಾವ ದೋಣಿಗೂ ಅನುಮತಿ ಇರುವುದಿಲ್ಲ.

ಹಂತ 2: ಹೊತ್ತು ಗೊತ್ತುಮಾಡುವುದು

ದೋಣಿಗೆ ಬೆಳಗಿನ ಹೊತ್ತೇ ಒಳ್ಳೆಯದು. ಬಿಸಿಲೇರಿದಂತೆ ನೆಲ ನೀರಿಗಿಂತ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಹಗುರಾಗಿ ಮೇಲೇಳುತ್ತದೆ, ಆ ಜಾಗ ತುಂಬಲು ನೀರಿನ ಮೇಲಿನ ತಂಪುಗಾಳಿ ದಡದತ್ತ ನುಗ್ಗುತ್ತದೆ. ಬೆಳಿಗ್ಗೆ ಕನ್ನಡಿಯಂತಿದ್ದ ಎಷ್ಟೋ ಸರೋವರಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಅಲೆ ಏಳುವುದಕ್ಕೆ ಇದೂ ಒಂದು ಕಾರಣ. ಗಾಳಿಯ ವೇಗ ಎರಡು ಪಟ್ಟಾದರೆ ದೋಣಿಯ ಮೇಲೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ನೆನಪಿಡಿ. ಬೆಳಕು ಹರಿಯುವ ವೇಳೆಗೆ ನೀರಿಗಿಳಿದು, ಗಾಳಿ ಬಲವಾಗುವ ಮೊದಲೇ ದಡ ಸೇರಿ, ಮಧ್ಯಾಹ್ನವನ್ನು ನಡಿಗೆಗೋ ಪಕ್ಷಿ ನೋಡುವುದಕ್ಕೋ ಇಟ್ಟುಕೊಳ್ಳಿ. ಗಾಳ ಹಿಡಿದು ಕೂರುವ ತಾಳ್ಮೆಯಿಲ್ಲದ ಮಕ್ಕಳಿಗೂ ಇದೇ ಅನುಕೂಲ.

ಹಂತ 3: ದೋಣಿಯ ತಪಾಸಣೆ

ಇದನ್ನು ಅವಸರದಲ್ಲಿ ಮುಗಿಸಬೇಡಿ. ಬಾಡಿಗೆ ಕೊಡುವವರು ಎಷ್ಟೇ ನಂಬಿಕಸ್ಥರಾದರೂ ನೀರಿನ ಮೇಲೆ ಹೋಗುವವರು ನೀವು.

ದೋಣಿಯನ್ನು ಒಂದು ಸುತ್ತು ಹಾಕಿ ನೋಡಿ. ತಳದಲ್ಲಿ ನೀರು ಹೊರಬಿಡುವ ತೂತಿರುತ್ತದೆ. ಅದರ ಬಿರಡೆ ಬಿಗಿಯಾಗಿದೆಯೇ ಎಂದು ಕೈಯಿಂದಲೇ ತಿರುಗಿಸಿ ಪರೀಕ್ಷಿಸಿ. ಮೊದಲೇ ಇದ್ದ ಬಿರುಕು, ಗೀರುಗಳ ಫೋಟೊ ತೆಗೆದು ಮಾಲೀಕರಿಗೆ ತೋರಿಸಿ. ಎಷ್ಟು ಜನ, ಎಷ್ಟು ತೂಕ ಎಂಬುದನ್ನು ಬಹಳಷ್ಟು ದೋಣಿಗಳ ಮೇಲೆ ಬರೆದಿರುತ್ತಾರೆ. ಅಲ್ಲಿ ಬರೆದ ತೂಕದಲ್ಲಿ ನಿಮ್ಮ ಸಾಮಾನೂ ಸೇರಿದೆ. ಎಂಜಿನ್ ಇದ್ದರೂ ಹುಟ್ಟು ಬೇಕು. ನೀರು ಮೊಗೆಯಲು ಒಂದು ಬಕೆಟ್, ಒಂದು ಹಗ್ಗ, ಒಂದು ಸೀಟಿ ಇರಲೇಬೇಕು. ಎಂಜಿನ್ ನಿಲ್ಲಿಸುವ ದಾರವನ್ನು ಚಾಲಕ ತನ್ನ ಮಣಿಕಟ್ಟಿಗೋ ಜಾಕೆಟ್‌ಗೋ ಸಿಕ್ಕಿಸಿಕೊಳ್ಳಬೇಕು. ಅವನು ನೀರಿಗೆ ಬಿದ್ದರೆ ಎಂಜಿನ್ ಕೂಡಲೇ ನಿಲ್ಲುತ್ತದೆ. ಇಂಧನದ ಲೆಕ್ಕ ಸರಳ: ಹೋಗಲು ಮೂರನೇ ಒಂದು ಭಾಗ, ಬರಲು ಅಷ್ಟೇ, ಉಳಿದಿದ್ದು ಆಪತ್ತಿಗೆ.

ಲೈಫ್ ಜಾಕೆಟ್ ವಿಷಯದಲ್ಲಿ ರಾಜಿ ಬೇಡ. ಸೀಟಿನ ಕೆಳಗೆ ಮಡಚಿಟ್ಟ ಜಾಕೆಟ್ ಯಾರನ್ನೂ ಉಳಿಸುವುದಿಲ್ಲ. ನೀರಿಗೆ ಬಿದ್ದ ಮೇಲೆ ಅದನ್ನು ತೊಡುವುದು ಬಹಳ ಕಷ್ಟ. ಎಲ್ಲ ಬಕಲ್ ಹಾಕಿದ ಮೇಲೆ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಿ. ಅದು ಗಲ್ಲ, ಕಿವಿಯವರೆಗೆ ಬಂದರೆ ಅಳತೆ ದೊಡ್ಡದಾಯಿತೆಂದೇ ಅರ್ಥ. ಮಕ್ಕಳಿಗೆ ದೊಡ್ಡವರ ಜಾಕೆಟ್ ತೊಡಿಸಬೇಡಿ. ಅವರ ಅಳತೆಯದು ಇಲ್ಲ ಎಂದರೆ ಆ ದೋಣಿಯನ್ನೇ ಬಿಡಿ. ಈಜು ಬಲ್ಲವರಿಗೂ ಇದೇ ಮಾತು. ನೀರು 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಬಿದ್ದ ಕ್ಷಣದಲ್ಲೇ ಏದುಸಿರು ಹತ್ತಿ, ಬಾಯಿಗೆ ನೀರು ಹೋಗುವ ಅಪಾಯವಿದೆ. ಮೊದಲ ಒಂದೆರಡು ನಿಮಿಷ ತಲೆ ನೀರಿನ ಮೇಲಿದ್ದರೆ ಉಸಿರು ಹಿಡಿತಕ್ಕೆ ಬರುತ್ತದೆ. ಆ ಒಂದೆರಡು ನಿಮಿಷವನ್ನು ಕೊಡುವುದು ಜಾಕೆಟ್.

ಹಂತ 4: ಹತ್ತುವುದು, ಹೊರಡುವುದು

ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂದು ದಡದಲ್ಲಿರುವ ಒಬ್ಬರಿಗೆ ಹೇಳಿ. ಹತ್ತುವಾಗ ಬಾಗಿ, ದೋಣಿಯ ನಡುವೆ ಹೆಜ್ಜೆ ಇಡಿ; ಕೈಯಲ್ಲಿ ಸಾಮಾನು ಬೇಡ. ಒಬ್ಬರು ಕುಳಿತ ಮೇಲೆ ಇನ್ನೊಬ್ಬರು.

ಹೊರಟ ಕೂಡಲೇ ಗಾಳಿಗೆ ಎದುರಾಗಿ ಹೋಗಿ. ಹುರುಪಿರುವಾಗ ಕಷ್ಟದ ದಾರಿ ಮುಗಿಯುತ್ತದೆ, ದಣಿದಾಗ ಗಾಳಿಯೇ ನಿಮ್ಮನ್ನು ದಡದತ್ತ ತಳ್ಳುತ್ತದೆ. ಬಹಳ ಜನ ಇದನ್ನು ತಿರುಗುಮುರುಗು ಮಾಡುತ್ತಾರೆ. ಗಾಳಿಯ ಜೊತೆ ಸಲೀಸಾಗಿ ಸಾಗುವಾಗ ಗಾಳಿ ಇರುವುದೇ ತಿಳಿಯುವುದಿಲ್ಲ, ದೋಣಿ ತಿರುಗಿಸಿದಾಗಲೇ ಅದರ ಬಲ ಗೊತ್ತಾಗುವುದು. ಗಾಳಿ ಬೀಸಿ ಬರುವ ನೀರಿನ ಹರವು ಉದ್ದವಾದಷ್ಟೂ ಅಲೆ ದೊಡ್ಡದಾಗುವುದರಿಂದ ದೂರದ ದಡದ ಅಲೆಯನ್ನು ಹೊರಟ ಜಾಗದಿಂದ ಅಂದಾಜು ಮಾಡಲಾಗದು. ಅಲೆ ಎದ್ದರೆ ದೋಣಿಯ ಪಕ್ಕವನ್ನು ಅದಕ್ಕೆ ಒಡ್ಡದೆ, ಮೂತಿಯನ್ನು ಸ್ವಲ್ಪ ಓರೆಯಾಗಿ ಅಲೆಯತ್ತ ಇಟ್ಟುಕೊಳ್ಳಿ.

ಹಂತ 5: ಮೀನು ಎಲ್ಲಿ?

ನನಗೆ ಅತ್ಯಂತ ಪ್ರಿಯವಾದ ಭಾಗವಿದು. ಸರೋವರ ನೋಡಲು ಒಂದೇ ಸಮನಾಗಿ ಕಂಡರೂ ಮೀನು ಎಲ್ಲೆಡೆ ಒಂದೇ ಸಮ ಇರುವುದಿಲ್ಲ. ಗಾಳಿ ಬಂದು ಬಡಿಯುವ ದಡಕ್ಕೆ ತೇಲುವ ಸೂಕ್ಷ್ಮಜೀವಿಗಳು ಸರಿದು ಬರುತ್ತವೆ, ಅವನ್ನು ತಿನ್ನಲು ಸಣ್ಣ ಮೀನು, ಅವುಗಳ ಹಿಂದೆ ದೊಡ್ಡ ಮೀನು. ಒಂದೇ ದಿಕ್ಕಿನ ಗಾಳಿ ಹಲವು ಗಂಟೆ ಬೀಸಿದ್ದರೆ ಆ ದಡವನ್ನು ಮರೆಯಬೇಡಿ. ಅಲೆ ಹೆಚ್ಚಿದ್ದರೆ ದೋಣಿ ಬಿಟ್ಟು ದಡದಿಂದಲೇ ಗಾಳ ಹಾಕಿ. ಜೊಂಡು ಮುಗಿದು ತಿಳಿನೀರು ಶುರುವಾಗುವ ಅಂಚು, ಮುಳುಗಿದ ಮರ, ತೊರೆ ಬಂದು ಸೇರುವ ಬಾಯಿ ಇವೂ ಒಳ್ಳೆಯ ಜಾಗಗಳು.

ಬಿಸಿಲು ಏರಿದ ಮೇಲೆ ಮೀನು ಕಚ್ಚುವುದು ಕಡಿಮೆಯಾಗಲು ಒಂದು ಕಾರಣ ಉಸಿರು. 10 ಡಿಗ್ರಿಯ ಸಿಹಿನೀರಿನ ಒಂದು ಲೀಟರಿನಲ್ಲಿ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು. 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ನಡುಹಗಲಲ್ಲಿ ಮೀನು ನೆರಳು, ತಂಪು, ಆಳ ಹುಡುಕುತ್ತದೆ. ನೀವೂ ಅಲ್ಲಿಗೇ ಹೋಗಬೇಕು.

ದೋಣಿ ನಿಲ್ಲಿಸಲು ಲಂಗರನ್ನು ಮೂತಿಯ ಕಡೆಯಿಂದಲೇ ಬಿಡಿ. ಹಿಂಭಾಗದಿಂದ ಬಿಟ್ಟರೆ ಅಲೆ ಎಂಜಿನ್ ಇರುವ ತಗ್ಗು ಕಡೆಯಿಂದ ಒಳನುಗ್ಗಿ ದೋಣಿ ಮುಳುಗಬಹುದು. ಹಗ್ಗ ನೀರಿನ ಆಳದ ಐದರಿಂದ ಏಳು ಪಟ್ಟು ಉದ್ದವಿದ್ದರೆ ಹಿಡಿತ ಸಿಗುತ್ತದೆ. ಲಂಗರನ್ನು ಮೆಲ್ಲಗೆ ಇಳಿಸಿ. ಮೀನಿನ ಮೈಯ ಎರಡೂ ಪಕ್ಕದಲ್ಲಿ ನೀರಿನ ಅಲುಗಾಟ ಗ್ರಹಿಸುವ ಗೆರೆಯಿದೆ. ನಿಮ್ಮ ಮೆಲುಮಾತು ನೀರಿಗೆ ಅಷ್ಟಾಗಿ ಇಳಿಯದು, ದೋಣಿಯ ತಳಕ್ಕೆ ಬಡಿದ ಕಾಲಿನ ಸದ್ದು ಖಂಡಿತ ಇಳಿಯುತ್ತದೆ.

ಹೊಸಬರಿಗೆ ಬೆಂಡು ಕಟ್ಟಿದ ಗಾಳವೇ ಸಾಕು. ಕೊಕ್ಕೆ ಕೊಳ್ಳುವಾಗ ಸಂಖ್ಯೆ ದೊಡ್ಡದಾದಷ್ಟೂ ಕೊಕ್ಕೆ ಚಿಕ್ಕದು ಎಂಬುದು ನೆನಪಿರಲಿ: 12ಕ್ಕಿಂತ 6 ದೊಡ್ಡದು. ಎರೆಹುಳುವಿನಿಂದ ಕೊಕ್ಕೆ ಮುಚ್ಚಿ, ಬೆಂಡಿನಿಂದ ಕೊಕ್ಕೆಯವರೆಗಿನ ದಾರದ ಉದ್ದವನ್ನು ಆಗಾಗ ಬದಲಿಸಿ ಯಾವ ಆಳದಲ್ಲಿ ಕಚ್ಚುತ್ತದೆ ಎಂದು ಪತ್ತೆಮಾಡಿ. ಬೀಸುವ ಮೊದಲು ಹಿಂದೆ ಯಾರಿದ್ದಾರೆ ಎಂದು ಪ್ರತಿ ಸಲವೂ ತಿರುಗಿ ನೋಡಿ. ದಾರಕ್ಕೆ ಸೀಸದ ಗುಂಡಿನ ಬದಲು ಬೇರೆ ಲೋಹದ್ದನ್ನು ಕಟ್ಟಿ. ನೀರಿಗೆ ಬಿದ್ದ ಸೀಸ ನುಂಗಿ ಹಂಸಗಳು ಸಾಯುತ್ತಿದ್ದುದರಿಂದ ಇಂಗ್ಲೆಂಡಿನಲ್ಲಿ 1987ರಲ್ಲೇ ಗಾಳದ ಸಣ್ಣ ಸೀಸದ ಗುಂಡುಗಳನ್ನು ನಿಷೇಧಿಸಿದರು.

ಹಂತ 6: ಬಿಡುವ ಮೀನಿಗೆ ನೋವಾಗದಂತೆ

ತಿನ್ನಲು ಒಯ್ಯದ ಮೀನನ್ನು ಬದುಕುವಂತೆ ಬಿಡುವುದು ನಮ್ಮ ಜವಾಬ್ದಾರಿ. ಕೊಕ್ಕೆಯ ತುದಿಯ ಹಿಂದಿರುವ ಪುಟ್ಟ ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ್ದರೆ ಕ್ಷಣದಲ್ಲಿ ಬಿಡಿಸಬಹುದು. ಕೈ ಒದ್ದೆ ಮಾಡಿಕೊಂಡೇ ಮೀನು ಮುಟ್ಟಿ; ಒಣಗೈಗೆ ಅಂಟಿ ಹೋಗುವ ಲೋಳೆಯೇ ಅದಕ್ಕೆ ರೋಗದ ವಿರುದ್ಧ ಕವಚ. ಕಿವಿರಿನೊಳಗೆ ಬೆರಳು ಹಾಕಬೇಡಿ. ಫೋಟೊ ಬೇಕಿದ್ದರೆ ಕ್ಯಾಮೆರಾ ಮೊದಲು ಸಿದ್ಧವಾಗಲಿ, ಮೀನು ಅಲ್ಲಿಯವರೆಗೆ ನೀರಿನಲ್ಲೇ ಇರಲಿ. ಕೊಕ್ಕೆ ಆಳಕ್ಕೆ ಹೋಗಿದ್ದರೆ ಎಳೆದಾಡದೆ ದಾರ ಕತ್ತರಿಸಿ ಬಿಡಿ.

ಹಂತ 7: ಗುಡುಗಿದರೆ, ಮಗುಚಿದರೆ

ಗುಡುಗು ಕೇಳಿದ ಕೂಡಲೇ ದಡಕ್ಕೆ ಹೊರಡಿ. ಸದ್ದು ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಸಾಗುತ್ತದೆ. ಮಿಂಚಿಗೂ ಗುಡುಗಿಗೂ 30 ಸೆಕೆಂಡಿನ ಅಂತರವಿದ್ದರೆ ಸಿಡಿಲು ಹತ್ತು ಕಿಲೋಮೀಟರ್ ಆಚೆ ಇದೆ, ಅದೂ ಅಪಾಯದ ವಲಯವೇ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯದೆ ಮತ್ತೆ ನೀರಿಗಿಳಿಯಬೇಡಿ. ಎತ್ತಿ ಹಿಡಿದ ಗಾಳದ ಕೋಲನ್ನು ಮೊದಲು ಕೆಳಗಿಡಿ.

ದೋಣಿ ಮಗುಚಿದರೆ ಅದನ್ನೇ ಹಿಡಿದುಕೊಂಡಿರಿ. ಹತ್ತಿರ ಕಂಡ ದಡ ನಿಜಕ್ಕೂ ದೂರವಿರುತ್ತದೆ, ಹುಡುಕುವವರ ಕಣ್ಣಿಗೂ ತಲೆಗಿಂತ ದೋಣಿ ಬೇಗ ಕಾಣುತ್ತದೆ. ಸೀಟಿ ಊದಿ.

ಹಂತ 8: ಮರಳಿದ ಮೇಲೆ

ತುಂಡಾದ ದಾರವನ್ನು ಪೂರ್ತಿ ಸುತ್ತಿ ತನ್ನಿ. ಹಕ್ಕಿಗಳ ಕಾಲು ರೆಕ್ಕೆಗೆ ಸಿಕ್ಕಿ ಕೊಲ್ಲುವುದು ಅದೇ. ಉಳಿದ ಹುಳುಗಳನ್ನಾಗಲಿ ಮೀನುಮರಿಗಳನ್ನಾಗಲಿ ಸರೋವರಕ್ಕೆ ಸುರಿಯಬೇಡಿ. ದೋಣಿಯಲ್ಲಿ, ಬಕೆಟ್‌ನಲ್ಲಿ ನಿಂತ ನೀರನ್ನು ಅಲ್ಲೇ ಚೆಲ್ಲಿ, ಅಂಟಿದ ಜೊಂಡು ಕೆಸರು ತೊಳೆದು, ಸಾಮಾನನ್ನು ಒಣಗಿಸಿದ ಮೇಲೆಯೇ ಬೇರೆ ಸರೋವರಕ್ಕೆ ಒಯ್ಯಿರಿ. ಜೀಬ್ರಾ ಮಸಲ್ ಎಂಬ ಪುಟ್ಟ ಚಿಪ್ಪುಜೀವಿ ಹಡಗುಗಳ ತಳದ ನೀರಿನಲ್ಲಿ ಉತ್ತರ ಅಮೆರಿಕದ ಮಹಾಸರೋವರಗಳಿಗೆ ಬಂದಿದ್ದು 1988ರಲ್ಲಿ ಪತ್ತೆಯಾಯಿತು. ಅಲ್ಲಿಂದ ಒಳನಾಡಿನ ಎಷ್ಟೋ ಸರೋವರಗಳಿಗೆ ಅದನ್ನು ಹೊತ್ತೊಯ್ದಿದ್ದು ವಿಹಾರದ ದೋಣಿಗಳು. ಅದರ ಮರಿಗಳು ಬರಿಗಣ್ಣಿಗೆ ಕಾಣುವುದಿಲ್ಲ.

ದೋಣಿ ಒಪ್ಪಿಸುವಾಗ ಬಿರಡೆ ಸಡಿಲವಿತ್ತು, ಹುಟ್ಟಿನ ಕೊಂಡಿ ಅಲುಗುತ್ತಿತ್ತು ಎಂಬುದನ್ನೆಲ್ಲ ಮಾಲೀಕರಿಗೆ ಬಿಡದೆ ಹೇಳಿ. ಬೇರೆಯವರು ನಿಮ್ಮ ಅನುಭವ ಕೇಳಿದರೆ ಹೋದ ತಿಂಗಳು, ನೀರಿನ ಮಟ್ಟ, ಗಾಳಿಯ ದಿಕ್ಕು, ಯಾವ ಹೊತ್ತಿಗೆ ಯಾವ ಆಳದಲ್ಲಿ ಮೀನು ಕಚ್ಚಿತು, ಮಕ್ಕಳ ಅಳತೆಯ ಜಾಕೆಟ್ ಇತ್ತೇ ಎಂಬುದನ್ನು ತಿಳಿಸಿ.