ಆಟಿಕೆ ಅರಗಲ್ಲಿ ಸ್ಟೂಲ್ ಆಗುತ್ತೆ, ಮಾಡಿದೀನಿ

ಚನ್ನಪಟ್ಟಣದ ಆಟಿಕೆಗೆ ಹಚ್ಚೋ ಅರಗಲ್ಲಿ ನಾನು ಮಾಡಿದ ಸ್ಟೂಲಿಗೆ ಹೋದ ತಿಂಗಳು ಯುವ ಡಿಸೈನರ್ ಅಂತ ನಂಗೆ ಶಾಲು ಹೊದ್ಸಿ ಫಲಕ ಕೊಟ್ರು. ಎರಡು ವರ್ಷದ ಹಿಂದೆ ಇದೇ ಸ್ಟೂಲ್ ನೋಡಿ "ಏನಪ್ಪಾ ಇದು, ಕೂರೋ ಬುಗುರಿನಾ" ಅಂತ ನಕ್ಕಿದ್ದು ನಮ್ಮ ಕಸುಬಿನವ್ರೇ. ಅದಕ್ಕೇ ಬರೀತಿದೀನಿ, ಹೊಟ್ಟೆಯುರಿ ಏನಿಲ್ಲ, ಸರಿ, ಸ್ವಲ್ಪ ಇದೆ.

ಚನ್ನಪಟ್ಟಣದ ಆಟಿಕೆ ಕೆಲಸ ನಿಮಗೆ ಗೊತ್ತಿರೋದೇ, ಆಲೆ ಅನ್ನೋ ಮೆದು ಮರ, ಅದನ್ನ ತಿರುಗಿಸೋ ಲೇಥು ಯಂತ್ರ, ತಿರುಗ್ತಿರೋ ಮರಕ್ಕೆ ಅರಗಿನ ಕಡ್ಡಿ ಒತ್ತಿದ್ರೆ ಉಜ್ಜಿದ ಬಿಸಿಗೇ ಕರಗಿ ಹತ್ಕೊಳ್ಳುತ್ತೆ, ಆಮೇಲೆ ತಾಳೆಗರಿ ಹಿಡಿದ್ರೆ ಹೊಳಪು. ಕಾಲು ಮಾಡೋದು ಲಟ್ಟಣಿಗೆ ಮಾಡಿದ ಹಾಗೆ, ಒಂದು ವಾರಕ್ಕೆ ಮುಗೀತು. ನನ್ನ ಸಾಯ್ಸಿದ್ದು ಸೀಟು.

ಹದಿಮೂರು ಇಂಚಿನ ಹಲಗೆ ಲೇಥಿಗೆ ಕಟ್ಟಿದ್ರೆ ಅಂಚಲ್ಲಿ ಅರಗು ಸುಟ್ಟು ಕಪ್ಪಾಗ್ತಿತ್ತು, ನಡುವೆ ಕ್ರೇಯಾನ್ ಗೀಚಿದ ಹಾಗೆ ಪುಡಿಪುಡಿ. ಸ್ಪೀಡ್ ಇಳಿಸಿದೆ, ಅಂಚು ಸರಿಹೋಯ್ತು, ನಡುವೆ ಏನೂ ಹತ್ತಲಿಲ್ಲ. ಹೀಟ್ ಗನ್ ಹಿಡಿದೆ, ಹಪ್ಪಳದ ಥರ ಗುಳ್ಳೆ ಎದ್ದಿತು. ಹನ್ನೆರಡೋ ಹದಿಮೂರೋ ಹಲಗೆ ಹೋಯ್ತು, ಮರ ಕೂಲಿ ಎಲ್ಲ ಸೇರಿ ನಲವತ್ತು ಸಾವಿರದ ಹತ್ತಿರ, ಅಪ್ಪನಿಗೆ ಇಪ್ಪತ್ತು ಅಂತ ಹೇಳಿದೀನಿ. ಕೊನೆಗೆ ಲೇಥಿನ ಉಸ್ತಾದರೇ "ನಡುಮಧ್ಯ ಸುತ್ತೋದೇ ಇಲ್ವಲ್ಲಪ್ಪಾ, ಬಿಸಿ ಎಲ್ಲಿಂದ ಬರುತ್ತೆ?" ಅಂದ್ರು. ಹಾಗಾದ್ರೆ ನಡುಮಧ್ಯಾನೇ ಬೇಡ ಅಂತ ಕಿತ್ತಾಕಿದೆ. ಸೀಟು ಬಳೆ ಆಯ್ತು, ಒಳಗೆ ನವಾರ, ಅಂದ್ರೆ ಮಂಚಕ್ಕೆ ಹಾಕೋ ಬಟ್ಟೆ ಪಟ್ಟಿ, ನೇಯ್ದೆ. ಪ್ರಶಸ್ತಿ ಕೊಟ್ಟೋರು ಆ ಖಾಲಿ ಜಾಗದ ಬಗ್ಗೇನೇ ಹತ್ತು ನಿಮಿಷ ಹೊಗಳಿದ್ರು, ಅದು ಕೈಲಾಗದೆ ಬಿಟ್ಟಿದ್ದು ಅಂತ ನಾನೂ ಬಾಯಿ ಬಿಡ್ಲಿಲ್ಲ.

ಆಲೆ ಮರ ದಪ್ಪ ಸಿಗಲ್ಲ, ಹಾಗಾಗಿ ಬಳೆನ ಎಂಟು ತುಂಡು ಅಂಟಿಸಿ ಮಾಡ್ಬೇಕು. ಮೊದ್ಲು ಮಾಮೂಲಿ ಬಿಳಿ ಗಮ್ಮಲ್ಲೇ ಅಂಟಿಸಿದ್ದೆ, ಅರಗು ಹಚ್ಚೋ ಬಿಸಿಗೆ ಗಮ್ ಮೆತ್ತಗಾಗಿ ಒಂದು ತುಂಡು ಕಿವಿ ಪಕ್ಕದಲ್ಲೇ ಹಾರಿ ಗೋಡೆಗೆ ಬಡೀತು, ಆ ಗುರುತು ಇನ್ನೂ ಇದೆ. ಈಗ ಎಪಾಕ್ಸಿ, ಒಂದು ದಿನ ಪೂರ್ತಿ ಒಣಗಿಸಿಯೇ ಲೇಥಿಗೆ. ಅರಗಿಗೆ ಇನ್ನೊಂದು ಸಾಮಾನು ಬೆರೆಸ್ತೀನಿ, ಅದ್ರಿಂದಲೇ ಅಂಚು ಸಿಡಿಯಲ್ಲ, ಅದು ಏನು ಅಂತ ಕೇಳ್ಬೇಡಿ.

ಈ ಮಧ್ಯೆ ಒಂದು ಹುಚ್ಚು, ನವಾರದ ಬದಲು ಮಾದೇಶ್ವರ ಬೆಟ್ಟದ ಕಡೆ ಲಂಟಾನ ಅನ್ನೋ ಕಳೆ ಗಿಡದ ಕಡ್ಡೀಲಿ ಕುರ್ಚಿ ಮಾಡ್ತಾರಲ್ಲ, ಅದನ್ನೇ ಬೇಯಿಸಿ ಸಿಪ್ಪೆ ಸುಲಿದು ಬಗ್ಗಿಸಿದೆ. ನೋಡೋಕೆ ಸಕ್ಕತ್ತಾಗಿತ್ತು. ಅತ್ತಿಗೆಯ ಸೀರೆ ಅದಕ್ಕೆ ಸಿಕ್ಕಿ ಹರಿದ ಮೇಲೆ ಅಟ್ಟಕ್ಕೆ ಹೋಯ್ತು, ಅರಗು ರಿಪೇರಿ ಆಗುತ್ತೆ, ರೇಷ್ಮೆ ಸೀರೆ ಆಗಲ್ಲ.

ಮೊದಲ ದೊಡ್ಡ ಆರ್ಡರ್ ಒಂದು ಆಫೀಸಿಗೆ, ಆರು ಸ್ಟೂಲ್, ಒಂದಕ್ಕೆ ಆರೂವರೆ ಸಾವಿರ. ಹದಿನೈದು ದಿನಕ್ಕೆ ಫೋನು, ಬಣ್ಣ ಬಟ್ಟೆಗೆ ಬರ್ತಿದೆ ಅಂತ. ಹೋಗಿ ನೋಡಿದ್ರೆ ದಿನಾ ಸ್ಯಾನಿಟೈಸರ್ ಹಾಕಿ ಒರೆಸ್ತಿದಾರೆ! ಅರಗು ಆಲ್ಕೋಹಾಲಿಗೆ ಕರಗುತ್ತೆ ಅಂತ ಗೊತ್ತಿದ್ದೂ ನಾನು ಹೇಳಿರ್ಲಿಲ್ಲ, ತಪ್ಪು ನಂದೇ. ಆರೂ ವಾಪಸ್ ತಂದು ಪುಕ್ಕಟೆ ಮತ್ತೆ ಅರಗು ಹಚ್ಚಿಕೊಟ್ಟೆ, ಆ ಆರ್ಡರಲ್ಲಿ ಉಳಿದಿದ್ದು ಸೊನ್ನೆ. ಈಗ ಪ್ರತಿ ಸ್ಟೂಲಿನ ಅಡಿ "ಒದ್ದೆ ಬಟ್ಟೆ ಮಾತ್ರ" ಅಂತ ಸ್ಟಿಕ್ಕರ್ ಅಂಟಿಸ್ತೀನಿ. ಬುಗುರಿ ಅಂದಿದ್ದವರೊಬ್ರು ಮೊನ್ನೆ ನಾಲ್ಕು ಕೇಳಿದಾರೆ, ಮರ ಒಣಗ್ತಾ ಇದೆ ಅಂದಿದೀನಿ, ನಿಜವಾಗ್ಲೂ ಒಣಗ್ತಾನೇ ಇದೆ.