ರೆಪ್ಪೆಗೂದಲಿನ ಬುಡ ನೋಡಲು ಶುರು ಮಾಡಿದ ಮೇಲೆ

ಚಿಕ್ಕಬಳ್ಳಾಪುರದಲ್ಲಿ ಕಣ್ಣಿನ ಡಾಕ್ಟರಾಗಿ ಕೆಲಸ ಮಾಡುತ್ತೇನೆ. ಕಣ್ಣು ಕಡಿತ ಅಂತ ಬರುವವರಿಗೆ ಈ ಜಿಲ್ಲೆಯಲ್ಲಿ ಕಾರಣಗಳಿಗೆ ಬರವಿಲ್ಲ. ಶಿಡ್ಲಘಟ್ಟದವರು ರೇಷ್ಮೆ ಗೂಡು ಬೇಯಿಸುವ ಹಬೆ ಅನ್ನುತ್ತಾರೆ. ಹೂವಿನ ತೋಟದವರು ಸೇವಂತಿಗೆ ಪುಡಿ ಅನ್ನುತ್ತಾರೆ. ಹೈವೇ ಬದಿಯ ಅಂಗಡಿಯವರು ಧೂಳು ಅನ್ನುತ್ತಾರೆ. ಇವೆಲ್ಲ ಇರಬಹುದು. ಆದರೆ ಅಲರ್ಜಿ ಡ್ರಾಪ್ಸ್ ತಿಂಗಳುಗಟ್ಟಲೆ ಹಾಕಿದರೂ ಕಡಿತ ನಿಲ್ಲದ ಕಣ್ಣುಗಳಿವೆ. ಬೆಳಗ್ಗೆ ಎದ್ದಾಗ ರೆಪ್ಪೆ ಅಂಟಿಕೊಂಡಿರುತ್ತದೆ, ಅಂಚು ಉರಿಯುತ್ತದೆ, ಒಳಗೆ ಮರಳು ಬಿದ್ದ ಹಾಗೆ ಚುಚ್ಚುತ್ತದೆ. ಅಂಥವರಲ್ಲಿ ನಾನು ಮೊದಲು ನೋಡುವುದು ಕಣ್ಣುಗುಡ್ಡೆಯನ್ನಲ್ಲ, ರೆಪ್ಪೆಗೂದಲಿನ ಬುಡವನ್ನು.

ಇದಕ್ಕೆ ದೊಡ್ಡ ಮೆಷಿನ್ ಏನೂ ಬೇಡ. ಕಣ್ಣನ್ನು ಬೆಳಕು ಬಿಟ್ಟು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಮುಂದೆ ಕೂರಿಸಿ, "ಕೆಳಗೆ ನೋಡಿ" ಅನ್ನುತ್ತೇನೆ, ಅಷ್ಟೇ. ನೇರ ನೋಡುತ್ತಿದ್ದರೆ ಮೇಲಿನ ರೆಪ್ಪೆಯ ಕೂದಲು ಚರ್ಮ ಸೇರುವ ಜಾಗ ಮರೆಯಾಗಿರುತ್ತದೆ. ಕಣ್ಣು ಕೆಳಗಿಳಿಸಿದಾಗ ಅದು ತೆರೆದುಕೊಳ್ಳುತ್ತದೆ. ಅಲ್ಲಿ ಕೂದಲಿನ ಬುಡದ ಸುತ್ತ ಬಳೆ ತೊಡಿಸಿದ ಹಾಗೆ ಮೇಣದಂಥ, ಅರೆ ಪಾರದರ್ಶಕ ಹೊಟ್ಟು ಕಂಡರೆ ಅದು ಡೆಮೊಡೆಕ್ಸ್ ಎಂಬ ನುಸಿಯ ಗುರುತು. ಸಾಮಾನ್ಯ ತಲೆಹೊಟ್ಟಿನ ಚೂರು ಕೂದಲಿನ ಮೇಲೆ ಎಲ್ಲೆಂದರಲ್ಲಿ ಚದುರಿರುತ್ತದೆ. ಇದು ಹಾಗಲ್ಲ. ಬುಡ ಬಿಟ್ಟು ಕದಲುವುದಿಲ್ಲ. ಒಮ್ಮೆ ಕಣ್ಣಿಗೆ ಪಳಗಿದರೆ ನೋಡಲು ಅರ್ಧ ನಿಮಿಷ ಸಾಕು.

ಇನ್ನೂ ಖಚಿತ ಆಗಬೇಕೆಂದರೆ ಒಂದೆರಡು ಕೂದಲು ಕೀಳುತ್ತೇನೆ. ಸುಮ್ನೆ ಎಳೆಯುವುದಿಲ್ಲ. ಚಿಮಟದಲ್ಲಿ ಹಿಡಿದು ಮೊದಲು ಮೆಲ್ಲಗೆ ತಿರುಗಿಸುತ್ತೇನೆ. ಹಾಗೆ ತಿರುಗಿಸಿದರೆ ಒಳಗಿರುವ ಹುಳುಗಳು ಕೂದಲಿನ ಜೊತೆ ಹೊರಗೆ ಬರುವ ಸಾಧ್ಯತೆ ಜಾಸ್ತಿ. ಸ್ಲೈಡಿನ ಮೇಲೆ ಇಟ್ಟು, ಒಂದು ಹನಿ ಸಲೈನ್ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಉದ್ದ ಬಾಲ, ಮುಂದಿನ ಭಾಗದಲ್ಲಿ ಎಂಟು ಮೊಂಡು ಕಾಲು ಕಾಣುತ್ತವೆ. ಜೇಡ, ಉಣ್ಣೆಗಳ ಬಳಗದ್ದೇ ಇದು. ನಮ್ಮ ಕಣ್ಣಿನ ಬಳಿ ಇರುವುದು ಎರಡು ಬಗೆ. ಫಾಲಿಕ್ಯುಲೋರಮ್ ಎಂಬುದು 0.3ರಿಂದ 0.4 ಮಿಲಿಮೀಟರ್ ಉದ್ದ, ಕೂದಲಿನ ಗುಳಿಯಲ್ಲಿ ಗುಂಪಾಗಿ ಇರುತ್ತದೆ. ಬ್ರೆವಿಸ್ ಎಂಬುದು ಅದರ ಅರ್ಧದಷ್ಟು. ಅದು ಎಣ್ಣೆ ಗ್ರಂಥಿಗಳ ಒಳಕ್ಕೆ ಇಳಿಯುತ್ತದೆ, ಕಣ್ಣೀರಿಗೆ ಎಣ್ಣೆ ಸೇರಿಸುವ ರೆಪ್ಪೆಯ ಮೈಬೋಮಿಯನ್ ಗ್ರಂಥಿಗೂ ಹೋಗುತ್ತದೆ. ಎರಡಕ್ಕೂ ಬೆಳಕು ಆಗುವುದಿಲ್ಲ. ರಾತ್ರಿ ನಾವು ಮಲಗಿದ ಮೇಲೆ ಹೊರಬಂದು, ಗಂಟೆಗೆ ಒಂದು ಸೆಂಟಿಮೀಟರಿನ ಆಸುಪಾಸು ತೆವಳಿ, ಜೊತೆಯಾಗಿ, ಮತ್ತೆ ಒಳಗೆ ಸೇರುತ್ತವೆ. ವಿಜ್ಞಾನಕ್ಕೆ ಇದು ಹೊಸ ಪ್ರಾಣಿಯೂ ಅಲ್ಲ. 1840ರ ದಶಕದ ಶುರುವಿನಲ್ಲೇ ಹೆನ್ಲೆ ಮತ್ತು ಸೈಮನ್ ಎಂಬ ಜರ್ಮನ್ ವೈದ್ಯರು ಇದನ್ನು ಕಂಡಿದ್ದರು.

ಮೈಕ್ರೋಸ್ಕೋಪಿನ ಚಿತ್ರವನ್ನು ಮೊಬೈಲಿನಲ್ಲಿ ಹಿಡಿದು ತೋರಿಸಿದಾಗ ರೈತರು ಗಾಬರಿಯಾಗುವುದು ಕಡಿಮೆ. ತೆಂಗಿನ ನುಸಿ, ಟೊಮೆಟೊ ನುಸಿ ಕಂಡವರು ಅವರು. "ಇದಕ್ಕೆ ಏನು ಹೊಡೀಬೇಕು ಸಾರ್?" ಅಂತ ನೇರ ಕೇಳುತ್ತಾರೆ. ಮನೆಯ ಹೆಂಗಸರಿಗೆ ಮಾತ್ರ ನಾಚಿಕೆಯಾಗುತ್ತದೆ. ದಿನಾ ತಲೆಗೆ ನೀರು ಹಾಕಿಕೊಳ್ಳುತ್ತೇನೆ, ನನಗೆ ಹುಳ ಹೇಗೆ ಬಂತು ಅನ್ನುತ್ತಾರೆ. ಅವರಿಗೆ ನಾನು ಸಮಾಧಾನವಾಗಿ ಹೇಳುತ್ತೇನೆ, ಇದು ಕೊಳಕಿನ ಕಾಯಿಲೆ ಅಲ್ಲ. ವಯಸ್ಸಾದಂತೆ ಬಹುತೇಕ ಎಲ್ಲರ ಚರ್ಮದಲ್ಲೂ ಇವು ಇರುತ್ತವೆ. ಎಪ್ಪತ್ತು ದಾಟಿದವರಲ್ಲಿ ಇಲ್ಲದವರೇ ಅಪರೂಪ. ಹೆಚ್ಚಿನವರಿಗೆ ಯಾವ ತೊಂದರೆಯೂ ಇಲ್ಲ. ಸಂಖ್ಯೆ ಮಿತಿ ಮೀರಿದಾಗ ಮಾತ್ರ ಕಷ್ಟ.

ಆಗ ಏನಾಗುತ್ತದೆ? ಹುಳು ಗುಳಿಯ ಒಳಗೋಡೆಯನ್ನು ಕೆರೆಯುತ್ತದೆ. ಅದರ ಮೈಯಲ್ಲಿರುವ ಬ್ಯಾಕ್ಟೀರಿಯಾ, ಸತ್ತ ಹುಳುಗಳ ಚೂರು, ಎಲ್ಲಕ್ಕೂ ನಮ್ಮ ದೇಹ ಸಿಟ್ಟಾಗಿ ರೆಪ್ಪೆ ಕೆಂಪಾಗುತ್ತದೆ. ಕೂದಲು ಸಡಿಲವಾಗಿ ಉದುರುತ್ತದೆ, ಕೆಲವು ಒಳಮುಖವಾಗಿ ಬೆಳೆದು ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾಕ್ಕೆ ಉಜ್ಜುತ್ತವೆ. ಗ್ರಂಥಿ ಕಟ್ಟಿಕೊಂಡರೆ ಕಣ್ಣೀರಿನ ಮೇಲಿನ ಎಣ್ಣೆಪದರ ಕೆಡುತ್ತದೆ, ಕಣ್ಣು ಒಣಗುತ್ತದೆ. ರೆಪ್ಪೆಯಲ್ಲಿ ಪದೇಪದೇ ಗಂಟು ಏಳುವ ಹುಡುಗರಲ್ಲಿ, ಒಂದನ್ನು ಕುಯ್ದು ತೆಗೆದರೆ ಇನ್ನೊಂದು ಏಳುತ್ತಿದ್ದರೆ, ನಾನು ಬ್ರೆವಿಸ್ ಬಗ್ಗೆ ಯೋಚಿಸುತ್ತೇನೆ. ಮುಖದಲ್ಲಿ ರೊಸೇಶಿಯಾ (ಕೆನ್ನೆ, ಮೂಗು ಕೆಂಪಾಗುವ ಚರ್ಮದ ಕಾಯಿಲೆ) ಇದ್ದವರ ರೆಪ್ಪೆಯನ್ನಂತೂ ನೋಡದೆ ಕಳಿಸುವುದಿಲ್ಲ.

ನನಗೆ ನಿಜವಾಗಿ ಬೇಸರ ತರಿಸುವುದು ಸ್ಟೀರಾಯ್ಡ್ ಡ್ರಾಪ್ಸ್. ಚೀಟಿ ಇಲ್ಲದೆ ಔಷಧಿ ಅಂಗಡಿಯಲ್ಲಿ ಕೇಳಿ ಪಡೆದದ್ದು. ಹಾಕಿದ ಎರಡು ದಿನಕ್ಕೆ ಕೆಂಪು ಇಳಿಯುತ್ತದೆ, ಅದಕ್ಕೇ ಜನ ಬಿಡುವುದಿಲ್ಲ. ಹುಳು ಮಾತ್ರ ಆರಾಮಾಗಿ ಹೆಚ್ಚುತ್ತದೆ. ಅತ್ತ ಕಣ್ಣಿನ ಒತ್ತಡ ಏರುತ್ತದೆ, ಪೊರೆ ಬೇಗ ಬರುತ್ತದೆ. ಮುಖ ಬೆಳ್ಳಗಾಗಲೆಂದು ಸ್ಟೀರಾಯ್ಡ್ ಕ್ರೀಮ್ ಹಚ್ಚುವ ಹೆಣ್ಣುಮಕ್ಕಳಿಗೂ ಇದೇ ಮಾತು. ಹೇನಿನ ಔಷಧಿಯನ್ನು ರೆಪ್ಪೆಗೆ ಹಚ್ಚಬಹುದಾ ಅಂತ ಕೇಳುವವರೂ ಇದ್ದಾರೆ. ಖಂಡಿತ ಬೇಡ.

ಚಿಕಿತ್ಸೆಯಲ್ಲಿ ನಾನು ಹಿಡಿದ ದಾರಿ ಹೀಗಿದೆ. ಬಿಸಿ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ ಐದರಿಂದ ಎಂಟು ನಿಮಿಷ ಇಡಬೇಕು. ಬಟ್ಟೆ ಬೇಗ ತಣಿಯುತ್ತದೆ, ಹಾಗಾಗಿ ಮತ್ತೆ ಮತ್ತೆ ಅದ್ದಬೇಕು. ಕೈಗೆ ಹಿತ ಅನ್ನಿಸುವಷ್ಟು ಬಿಸಿ ಸಾಕು. ಆಮೇಲೆ ಬೆರಳಿನಿಂದ ಮೇಲಿನ ರೆಪ್ಪೆಯನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ ನೀವಬೇಕು. ಕೊನೆಗೆ ಟೀ ಟ್ರೀ (ಚಹಾ ಗಿಡ ಅಲ್ಲ, ಆಸ್ಟ್ರೇಲಿಯಾದ ಬೇರೊಂದು ಮರ) ಎಣ್ಣೆಯ ಅಂಶ ಇರುವ ರೆಪ್ಪೆ ಒರೆಸುವ ವೈಪ್ಸ್‌ನಿಂದ ಕೂದಲಿನ ಬುಡವನ್ನು ಉಜ್ಜಬೇಕು.

ಬೇಬಿ ಶಾಂಪೂ ಸಾಲದಾ ಅಂತ ಹಲವರು ಕೇಳುತ್ತಾರೆ. ಅದು ಹೊಟ್ಟು ತೆಗೆಯುತ್ತದೆ, ಹುಳುವಿಗೆ ಅಷ್ಟಾಗಿ ಏನೂ ಆಗುವುದಿಲ್ಲ. 2005ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅರ್ಧಕ್ಕರ್ಧ ತೆಳುಮಾಡಿದ ಬೇಬಿ ಶಾಂಪೂವಿನಲ್ಲಿ 150 ನಿಮಿಷ ಕಳೆದರೂ ಹುಳುಗಳು ಬದುಕಿದ್ದವು. ಶುದ್ಧ ಟೀ ಟ್ರೀ ಎಣ್ಣೆಯಲ್ಲಿ ಕಾಲು ಗಂಟೆಯೊಳಗೆ ಸತ್ತವು. ಹಾಗಂತ ಆ ಶುದ್ಧ ಎಣ್ಣೆಯನ್ನು ಆನ್‌ಲೈನಿನಲ್ಲಿ ತರಿಸಿ ಕಣ್ಣಿಗೆ ಹಚ್ಚುವುದು ಅಪಾಯ. ಕಾರ್ನಿಯಾಕ್ಕೆ ಪೆಟ್ಟಾಗುತ್ತದೆ. ಎಣ್ಣೆಯಲ್ಲಿ ಹುಳುವಿನ ಮೇಲೆ ಕೆಲಸ ಮಾಡುವ ಮುಖ್ಯ ಅಂಶ ಟರ್ಪಿನೆನ್-4-ಓಲ್. ಅದು ಹದವಾಗಿ ಬೆರೆತ ವೈಪ್ಸ್‌ಗಳೇ ಕ್ಷೇಮ. ದಟ್ಟ ಎಣ್ಣೆ ಹಚ್ಚಬೇಕಾದರೆ ಅದು ಕ್ಲಿನಿಕ್ಕಿನಲ್ಲಿ, ಮರಗಟ್ಟಿಸುವ ಡ್ರಾಪ್ಸ್ ಹಾಕಿ, ಡಾಕ್ಟರ ಕೈಯಲ್ಲೇ ಆಗಬೇಕು.

ಕಷ್ಟ ಇರುವುದು ಔಷಧಿಯಲ್ಲಲ್ಲ, ಬಿಡದೆ ಮಾಡುವುದರಲ್ಲಿ. ಹುಳುವಿನ ಬದುಕು ಎರಡು-ಮೂರು ವಾರ. ದೊಡ್ಡವು ಸತ್ತರೂ ಒಳಗೆ ಮೊಟ್ಟೆಗಳಿರುತ್ತವೆ. ಅದಕ್ಕೇ ಕನಿಷ್ಠ ಆರು ವಾರ ಅನ್ನುತ್ತೇನೆ. ಹದಿನೈದು ದಿನಕ್ಕೆ ಕಡಿತ ಕಮ್ಮಿಯಾದ ಕೂಡಲೇ ನಿಲ್ಲಿಸಿ, ತಿಂಗಳ ಮೇಲೆ ಮತ್ತೆ ಬರುವವರು ತುಂಬಾ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಹೆಂಗಸೊಬ್ಬರು ಇದಕ್ಕೆ ಒಳ್ಳೆಯ ದಾರಿ ಕಂಡುಕೊಂಡರು. ರಾತ್ರಿ ಹಾಲು ಹೆಪ್ಪು ಹಾಕಿದ ಮೇಲೆ ಕಣ್ಣಿನ ಕೆಲಸ. ಹೆಪ್ಪು ಮರೆಯುವುದಿಲ್ಲ, ಹಾಗಾಗಿ ಇದೂ ಮರೆಯುವುದಿಲ್ಲ ಅಂದರು. ಅವರು ಅದೇ ಹಬೆಯಲ್ಲಿ ಕೆಲಸ ಮುಂದುವರಿಸಿದರು, ಆದರೂ ರೆಪ್ಪೆ ತಿಳಿಯಾಯಿತು. ಈಗ ಬೇರೆಯವರಿಗೂ ಅದನ್ನೇ ಹೇಳಿಕೊಡುತ್ತೇನೆ.

ದಿಂಬಿನ ಕವರು, ಮುಖ ಒರೆಸುವ ಟವೆಲ್ ಬಿಸಿ ನೀರಿನಲ್ಲಿ ಒಗೆಯಬೇಕು. ಹಳೆಯ ಕಾಡಿಗೆ ಡಬ್ಬಿ ಬಿಸಾಡಬೇಕು, ಹೊಸದನ್ನು ಅಕ್ಕತಂಗಿಯರು ಹಂಚಿಕೊಳ್ಳಬಾರದು. ಇಷ್ಟಕ್ಕೂ ಬಗ್ಗದಿದ್ದರೆ ಹುಳು ಕೊಲ್ಲುವ ಐವರ್‌ಮೆಕ್ಟಿನ್ ಮಾತ್ರೆ, ತೂಕ ನೋಡಿ, ವಾರದ ಅಂತರದಲ್ಲಿ ಎರಡು ಸಲ. ಬಸುರಿಯರಿಗೆ ಕೊಡುವುದಿಲ್ಲ. 2023ರ ಜುಲೈನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಹುಳುವಿಗೆಂದೇ ಮೊದಲ ಡ್ರಾಪ್ಸ್‌ಗೆ ಒಪ್ಪಿಗೆ ಕೊಟ್ಟಿತು. ಹೆಸರು ಲೋಟಿಲಾನರ್, ದಿನಕ್ಕೆ ಎರಡು ಸಲ, ಆರು ವಾರ. ನಾಯಿಗಳ ಉಣ್ಣೆಗೆ ಕೊಡುತ್ತಿದ್ದ ಔಷಧಿಯದು. ಹುಳುವಿನ ನರಗಳನ್ನು ಸ್ತಬ್ಧಗೊಳಿಸುತ್ತದೆ. ಅಂಥದ್ದು ನಮ್ಮ ಹಳ್ಳಿಯವರ ಕೈಗೆಟುಕುವ ಬೆಲೆಗೆ ಬರಲಿ ಎಂಬುದು ನನ್ನ ದೊಡ್ಡ ಆಸೆ.

ಪೊರೆ ಆಪರೇಷನ್‌ಗೆ ಬರುವ ಹಿರಿಯರಲ್ಲೂ ಈಗ ರೆಪ್ಪೆ ಮೊದಲು, ಲೆನ್ಸ್ ಆಮೇಲೆ. ರೆಪ್ಪೆಯಂಚು ಕೆಟ್ಟಿದ್ದರೆ ಸೋಂಕಿನ ಭಯ ಇದೆ, ಕಣ್ಣೀರಿನ ಪದರ ಸರಿ ಇಲ್ಲದಿದ್ದರೆ ಲೆನ್ಸಿನ ಅಳತೆಯೂ ತಪ್ಪಬಹುದು. ಕೆಲವರಿಗೆ ತಾರೀಖು ಮುಂದಕ್ಕೆ ಹಾಕಿದ್ದಕ್ಕೆ ಮನೆಯವರು ಬೇಜಾರು ಮಾಡಿಕೊಂಡಿದ್ದಾರೆ. ಮೊಬೈಲಿನ ಫೋಟೋ ತೋರಿಸಿದ ಮೇಲೆ ಒಪ್ಪುತ್ತಾರೆ. ಬಾಗೇಪಲ್ಲಿ, ಗುಡಿಬಂಡೆ ಕಡೆ ಕ್ಯಾಂಪ್ ಮಾಡುವಾಗ ಟೆಕ್ನಿಷಿಯನ್ ಹುಡುಗಿಯರಿಗೂ ಹೇಳಿಕೊಟ್ಟಿದ್ದೇನೆ. ಟಾರ್ಚ್ ಹಿಡಿದು, ತೆಲುಗಿನವರಿಗೆ ತೆಲುಗಿನಲ್ಲೇ ಕೆಳಗೆ ನೋಡಿ ಅನ್ನುತ್ತಾರೆ, ಹೊಟ್ಟು ಕಂಡರೆ ಚೀಟಿಯ ಮೂಲೆಯಲ್ಲಿ ಒಂದು ಗುರುತು ಹಾಕಿ ನನ್ನ ಬಳಿ ಕಳಿಸುತ್ತಾರೆ.