ಮೈಕ್ರೋಸರ್ವಿಸ್ ಆಮೇಲೆ, ಮೊದಲು ಪೇಮೆಂಟ್

ನಮ್ಮ ದಿನಸಿ ಆ್ಯಪ್‌ನ ಕೋಡನ್ನು ಮೈಕ್ರೋಸರ್ವಿಸ್‌ಗಳಾಗಿ, ಅಂದರೆ ಬೇರೆಬೇರೆಯಾಗಿ ಓಡುವ ಸಣ್ಣ ಸಣ್ಣ ಪ್ರೋಗ್ರಾಂಗಳಾಗಿ ಒಡೆಯಬೇಕು ಅಂತ ಟೀಮಿನಲ್ಲಿ ಜೋರು ಚರ್ಚೆ ನಡೆದಿತ್ತು. ಬಿಸಿನೆಸ್ ಕಡೆಯವರು ಕೇಳಿದ್ದು ಒಂದೇ, ಇದರಿಂದ ಏನು ಸಿಗುತ್ತದೆ? ನ್ಯಾಯವಾದ ಪ್ರಶ್ನೆ, ಅಲ್ವಾ?

ನಾನು ಕಸ್ಟಮರ್ ಕೇರ್‌ಗೆ ಬಂದ ದೂರುಗಳನ್ನು ಕೂತು ಓದಿದೆ. ಜಾಸ್ತಿ ದೂರು ಒಂದೇ ಥರದ್ದು: ಯುಪಿಐನಲ್ಲಿ ದುಡ್ಡು ಕಟ್ ಆಗಿದೆ, ಆರ್ಡರ್ ಆಗಿಲ್ಲ. ಬ್ಯಾಂಕಿನ ಉತ್ತರ ತಡವಾದರೆ ಪಾವತಿ ಪೆಂಡಿಂಗ್ ಆಗಿ ಉಳಿಯುತ್ತದೆ, ನಮ್ಮ ಸರ್ವರ್ ಪೇಮೆಂಟ್ ಗೇಟ್‌ವೇ (ಬ್ಯಾಂಕಿಗೂ ನಮಗೂ ನಡುವಿನ ಪಾವತಿ ಸೇವೆ) ಕಳಿಸುವ ವೆಬ್‌ಹುಕ್ (ಪಾವತಿ ಏನಾಯಿತು ಅಂತ ತಾನಾಗಿ ಬರುವ ಸಂದೇಶ) ಒಂದನ್ನೇ ನಂಬಿಕೊಂಡು, ಅದು ಹೊತ್ತಿಗೆ ಬರದಿದ್ದರೆ ಆರ್ಡರನ್ನೇ ರದ್ದು ಮಾಡಿಬಿಡುತ್ತಿತ್ತು. ರೀಫಂಡ್ ಕೆಲಸ, ಫೋನ್ ಕರೆಗಳು, ಬಿಟ್ಟುಹೋದ ಗಿರಾಕಿಗಳು. ಖರ್ಚು ಇದ್ದದ್ದು ಇಲ್ಲಿ.

ಪೆಂಡಿಂಗ್ ಇರುವ ಪಾವತಿಗಳ ಸ್ಥಿತಿಯನ್ನು ನಾವೇ ಆಗಾಗ ಗೇಟ್‌ವೇಗೆ ಕೇಳುವ ಸಣ್ಣ ಜಾಬ್ (ತಾನಾಗಿ ಓಡುವ ಪ್ರೋಗ್ರಾಂ) ಬರೆದೆವು. ಒಂದೇ ವೆಬ್‌ಹುಕ್ ಎರಡು ಸಲ ಬಂದರೂ ಆರ್ಡರ್ ಎರಡಾಗದಂತೆ ಪಾವತಿಯ ಐಡಿಯನ್ನು ಡೇಟಾಬೇಸ್‌ನಲ್ಲಿ ಯುನಿಕ್ ಮಾಡಿದೆವು, ಅಂದರೆ ಒಂದು ಐಡಿ ಒಂದೇ ಸಲ ದಾಖಲಾಗುತ್ತದೆ. ಅಷ್ಟೇ. ಆ ದೂರುಗಳು ಹೆಚ್ಚುಕಡಿಮೆ ನಿಂತವು.

ಮೈಕ್ರೋಸರ್ವಿಸ್ ಕೆಟ್ಟದ್ದು ಅಂತಲ್ಲ. ಆದರೆ ಅಮೆಜಾನ್ ಪ್ರೈಮ್ ವಿಡಿಯೋದ ಒಂದು ತಂಡ ಬಿಡಿಬಿಡಿಯಾಗಿದ್ದ ತನ್ನ ಮಾನಿಟರಿಂಗ್ ವ್ಯವಸ್ಥೆಯನ್ನು ಒಂದೇ ಪ್ರೋಸೆಸ್‌ಗೆ (ಒಟ್ಟಿಗೆ ಓಡುವ ಒಂದೇ ಪ್ರೋಗ್ರಾಂಗೆ) ತಂದು ಖರ್ಚನ್ನು ಶೇ. 90ಕ್ಕೂ ಜಾಸ್ತಿ ಇಳಿಸಿದ್ದಾಗಿ 2023ರಲ್ಲಿ ಬರೆದುಕೊಂಡಿತ್ತು, ಅದನ್ನು ಮೀಟಿಂಗಿನಲ್ಲಿ ತೋರಿಸಿದೆ. ಈಗ ನಮ್ಮಲ್ಲಿ ಯಾವ ತಾಂತ್ರಿಕ ಪ್ರಸ್ತಾವ ಬಂದರೂ ಮೇಲ್ಗಡೆ ಇಷ್ಟು ಬರೆದಿರಲೇಬೇಕು: ಯಾವ ಖರ್ಚು ಇಳಿಯುತ್ತದೆ ಅಥವಾ ಯಾವ ಆದಾಯ ಏರುತ್ತದೆ, ಅದನ್ನು ಯಾರು ಅಳೆಯುತ್ತಾರೆ, ಯಾವಾಗ. ಸೆಕ್ಯುರಿಟಿ ಪ್ಯಾಚ್‌ಗಳಿಗೆ ಮಾತ್ರ ವಿನಾಯಿತಿ, ಅವು ಕಾಯಬಾರದು.